ಹಳೇ ಕಾರು ಸೋರಲೇಬೇಕು ಅಂತ ಯಾರ್ರೀ ಹೇಳಿದ್ದು?

"ಹಳೇ ಗಾಡಿ ಅಂದ್ಮೇಲೆ ಸೋರ್ಲೇಬೇಕು ಸಾರ್. ಸೋರ್ತಿಲ್ಲ ಅಂದ್ರೆ ಒಳಗೆ ಆಯಿಲ್ಲೇ ಇಲ್ಲ ಅಂತ ಅರ್ಥ!"

ಈ ಜೋಕನ್ನು ಕಡಿಮೆ ಅಂದರೂ ಹತ್ತು ಜನರ ಬಾಯಲ್ಲಿ ಕೇಳಿದ್ದೇನೆ. ಮೊದಮೊದಲು ನಾನೂ ನಕ್ಕಿದ್ದೆ. ಈಗ ಮೈ ಉರಿಯುತ್ತೆ. ಬಹಳ ದಿನದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ, ಇವತ್ತು ಬರೆದೇಬಿಡ್ತೀನಿ.

ನಮ್ಮ ಮನೆಯಲ್ಲಿರೋದು 1986ರ ಅಂಬಾಸಿಡರ್, ಮಾರ್ಕ್ 4. ಅಪ್ಪನ ಪ್ರಾಣ ಅದರಲ್ಲೇ ಇದೆ. ಹಿಂದಿನ ಡಿಫರೆನ್ಷಿಯಲ್ಲಿನ ಮೂತಿಯಿಂದ ಎಣ್ಣೆ ತೊಟ್ಟಿಕ್ಕೋದು, ಕ್ಲಚ್ ಬಿಟ್ಟ ಕೂಡಲೇ ಹಿಂದುಗಡೆ 'ಟಣ್' ಅನ್ನೋ ಸದ್ದು. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಒಂದೇ ವರ್ಷದೊಳಗೆ ಮೂರು ಸಲ ಪಿನಿಯನ್ ಆಯಿಲ್ ಸೀಲ್ ಬದಲಾಯಿಸಿದರು. ಮೂರನೇ ಸಲ ನಟ್ಟನ್ನೂ ಜಗ್ಗಿ ಬಿಗಿ ಮಾಡಿ ಕೊಟ್ಟರು. ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ಕಪ್ಪು ಬೊಟ್ಟು ಅಂಗಳದಲ್ಲಿ. ಕೇಳಿದರೆ ಮೇಲಿನ ಜೋಕು!

ಸ್ವಾಮಿ, ಸೀಲ್ ತಾನಾಗೇ ಸಾಯಲ್ಲ, ಅದನ್ನು ಯಾರೋ ಕೊಲ್ತಾರೆ. ಪಿನಿಯನ್ ಶಾಫ್ಟ್ ನಿಂತಿರೋದು ಎರಡು ಟೇಪರ್ ರೋಲರ್ ಬೇರಿಂಗ್ ಮೇಲೆ. ಅವು ಸವೆದರೆ ಶಾಫ್ಟ್ ತಿರುಗುವಾಗ ಅಲ್ಲಾಡುತ್ತೆ, ಸೀಲಿನ ರಬ್ಬರ್ ತುಟಿಯನ್ನು ಒಂದು ಕಡೆಯಿಂದ ತಿನ್ನುತ್ತೆ. ಜೊತೆಗೆ ಸೀಲ್ ಕೂರುವ ಜಾಗದಲ್ಲಿ ಫ್ಲ್ಯಾಂಜಿಗೇ ಗೆರೆ ಬಿದ್ದಿದ್ದರೆ ಮುಗೀತು, ಎಂಥ ಸೀಲ್ ಹಾಕಿದರೂ ನಿಲ್ಲಲ್ಲ. ಸರ್ವರ್ ಬಿದ್ದಾಗೆಲ್ಲ ರೀಸ್ಟಾರ್ಟ್ ಮಾಡಿ 'ಫಿಕ್ಸ್ ಆಯ್ತು' ಅಂತ ಮೇಲ್ ಹಾಕೋ ಜಾತಿ ನಮ್ಮದು, ಹಾಗಾಗಿ ಈ ರೋಗ ನನಗೆ ಚೆನ್ನಾಗಿ ಗುರುತು ಸಿಗುತ್ತೆ :)

ಕೊನೆಗೆ ಇದನ್ನು ಹಿಡಿದದ್ದು ಹಾಸನದ ಒಬ್ಬ ಹಳೇ ಮೇಸ್ತ್ರಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರು. ಫ್ಲ್ಯಾಂಜನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಕಟಕಟ ಅಂತು. "ತಿರುಗಿಸಿದಾಗ ಚೂರು ಆಟ ಇರ್ಬೇಕಪ್ಪ, ಅದು ಹಲ್ಲಿನ ಮಧ್ಯದ ಸಂದು. ಮೇಲೆ ಕೆಳಗೆ ಮಾತ್ರ ಒಂಚೂರೂ ಇರಬಾರದು" ಅಂದರು. ಎರಡು ನಿಮಿಷದ ಕೆಲಸ. ಮೂರು ಸೀಲ್ ಹಾಕಿದವರಿಗೆ ಈ ಎರಡು ನಿಮಿಷ ಇರಲಿಲ್ಲ.

ಆಮೇಲೆ ಅವರು ಆಕ್ಸಲ್ ಮೇಲಿನ ಬ್ರೀದರ್ ತೋರಿಸಿದರು. ಬೆರಳಿನಷ್ಟೂ ಉದ್ದವಿಲ್ಲದ ಸಣ್ಣ ಸಾಮಾನು, ಕೆಸರು ಮೆತ್ತಿ ಕಲ್ಲಾಗಿತ್ತು. ಗಾಡಿ ಓಡಿ ಬಿಸಿಯಾದಾಗ ಒಳಗಿನ ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ಆ ದಾರಿ ಕಟ್ಟಿದರೆ ಒತ್ತಡ ಸೀಲುಗಳ ಮೇಲೇ ಬೀಳುತ್ತೆ. ಪಿನಿಯನ್ ಸೀಲ್ ಮಾತ್ರ ಅಲ್ಲ, ಚಕ್ರದ ಹತ್ತಿರದ ಹಬ್ ಸೀಲಿನ ಮೇಲೂ. ಡ್ರಮ್ ಬಿಚ್ಚಿದರೆ ಬಲಗಡೆಯ ಬ್ರೇಕ್ ಶೂಗಳು ಎಣ್ಣೆಯಲ್ಲಿ ನೆಂದಿದ್ದವು. ಹಿಂದಿನ ತಿಂಗಳು ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆದಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದಳು. ಅಪ್ಪ "ರಸ್ತೆ ವಾಟ" ಅಂದಿದ್ದರು, ನಾನೂ ನಂಬಿದ್ದೆ. ಈಗ ಹೇಳಿ, ಆ ಜೋಕಿಗೆ ನಗೋಣವಾ?

"ಟ್ಯಾಕ್ಸಿಯವರು ವರ್ಷಗಟ್ಟಲೆ ಸೋರ್ಕೊಂಡೇ ಓಡಿಸ್ಲಿಲ್ವಾ?" ಅಂತ ಕೇಳ್ತಾರೆ. ಓಡಿಸಿದರು, ನಿಜ. ಆದರೆ ಅವರು ವಾರಕ್ಕೊಮ್ಮೆ ಪ್ಲಗ್ ಬಿಚ್ಚಿ, ಬೆರಳು ಹಾಕಿ ಮಟ್ಟ ನೋಡಿ ತುಂಬಿಸ್ತಿದ್ದರು. ಅದು ಹೊಟ್ಟೆಪಾಡು, ನನಗೆ ಅದರ ಮೇಲೆ ಗೌರವವಿದೆ. ನಾವು ಹಾಗಲ್ಲ. ಬಂಪರಿನ ಕ್ರೋಮ್ ಉಜ್ಜಿ ಫೋಟೋ ಹಾಕ್ತೀವಿ, ಕೆಳಗೆ ಮಲಗಿ ಒಂದು ಸಲ ನೋಡಿರಲ್ಲ.

ಇನ್ನು ಕೆಲವರ ಸಲಹೆ, "ಗುಜರಿಯಿಂದ ಇಡೀ ಹೌಸಿಂಗೇ ತಂದು ಹಾಕಿ". ಅದರ ಬೇರಿಂಗ್ ಎಷ್ಟು ಸವೆದಿದೆ ಅಂತ ಗುಜರಿಯವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಉತ್ತರಪಾರಾ ಕಾರ್ಖಾನೆ 2014ರಲ್ಲೇ ನಿಂತಿತು, ಸಾಮಾನು ಸಿಗಲ್ಲ ಅಂತ ಕೈಚೆಲ್ಲೋದೂ ಸೋಮಾರಿತನವೇ. ಬೇರಿಂಗಿನ ಮೇಲೆ ನಂಬರ್ ಕೆತ್ತಿರುತ್ತೆ. ಅದನ್ನು ಬರೆದುಕೊಂಡು ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದೆ, ಎರಡೂ ಸಿಕ್ಕವು. ಫ್ಲ್ಯಾಂಜ್ ಸಿಗಲಿಲ್ಲ, ಗೆರೆ ಬಿದ್ದ ಜಾಗಕ್ಕೆ ಲೇತಿನವರ ಹತ್ತಿರ ತೆಳು ಉಕ್ಕಿನ ತೋಳು ಹಾಕಿಸಿದೆ.

ಮೇಸ್ತ್ರಿ ಆಕ್ಸಲ್ ಶಾಫ್ಟ್ ಎರಡನ್ನೂ ಎಳೆದು, ಡಿಫರೆನ್ಷಿಯಲ್ಲನ್ನು ಮುಂದಿನಿಂದ ಹೊರಗೆ ತೆಗೆದರು. ಕ್ರೌನು, ಪಿನಿಯನ್ ಜೋಡಿ ಒಂದಕ್ಕೊಂದು ಉಜ್ಜಿ ಹೊಂದಿಸಿದ್ದು, ಒಂದನ್ನೇ ಬದಲಾಯಿಸೋ ಹಾಗಿಲ್ಲ. ಪುಣ್ಯಕ್ಕೆ ಹಲ್ಲು ಚೆನ್ನಾಗಿತ್ತು. ಶಿಮ್ ಒಂದೊಂದೇ ತೆಗೆದು ಹಾಕಿ, ಕೈಯಲ್ಲಿ ತಿರುಗಿಸಿ ಬಿಗಿ ನೋಡಿ, ಮತ್ತೆ ಬಿಚ್ಚಿ... ಇದಕ್ಕೇ ಒಂದು ಪೂರ್ತಿ ದಿನ ಹಿಡೀತು. ಹೊಸ ಹಬ್ ಸೀಲ್, ಹೊಸ ಬ್ರೇಕ್ ಶೂ, ಹೊಸ ಪೇಪರ್ ಪ್ಯಾಕಿಂಗ್. ಎಣ್ಣೆ ಇಪಿ 90, ಆ ಗಂಧಕದ ವಾಸನೆಯದ್ದು. ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗೋದರಿಂದ ಇಂಜಿನ್ ಆಯಿಲ್ ಅಲ್ಲಿ ತಡೆಯಲ್ಲ. ಸದ್ದು ಮುಚ್ಚೋಕೆ ಒಳಗೆ ಮರದ ಹೊಟ್ಟು ತುಂಬಿ ಮಾರುವ ಮಹಾನುಭಾವರ ಬಗ್ಗೆ ಇನ್ನೊಂದು ದಿನ ಬರೀತೀನಿ.

'ಟಣ್' ಪೂರ್ತಿ ಹೋಗಿಲ್ಲ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಒಂದು ಬಾಕಿ ಇದೆ. ಅಪ್ಪ ಮಾತ್ರ ದಿನಾ ರಾತ್ರಿ ಕಾರಿನ ಕೆಳಗೆ ರಟ್ಟು ಹಾಸ್ತಾರೆ, ಬೆಳಗ್ಗೆ ಕಾಫಿಗೂ ಮುಂಚೆ ಬಗ್ಗಿ ನೋಡ್ತಾರೆ. ಇವತ್ತಿಗೆ ನಲವತ್ತು ದಿನ ಆಯ್ತು, ರಟ್ಟು ಒಣಗೇ ಇದೆ.