ಕ್ಯಾಮೆರಾ ಬದಲಿಸುವ ಮೊದಲು ಕರೆಂಟ್ ನೋಡಿ



ಈಗ ಅನೇಕ ಕೊಟ್ಟಿಗೆಗಳಲ್ಲಿ ಸಿಸಿ ಕ್ಯಾಮೆರಾ ಕಾಣುತ್ತಿದೆ. ಕೆಲವರು ಕಳ್ಳರ ಭಯಕ್ಕೆ ಹಾಕಿಸಿದ್ದೀರಿ. ಇನ್ನು ಕೆಲವರು ತುಂಬು ಗಬ್ಬದ ಹಸುವನ್ನು ರಾತ್ರಿ ಮನೆಯೊಳಗಿಂದಲೇ ನೋಡಲು ಹಾಕಿಸಿದ್ದೀರಿ. ಎರಡೂ ಒಳ್ಳೆಯ ಕಾರಣಗಳೇ. ಆದರೆ ಬೇಕಾದ ರಾತ್ರಿಯೇ ಚಿತ್ರ ಬಾರದಿದ್ದರೆ ಹಾಕಿದ ಹಣ ದಂಡ.

ನಾನು ಹೇಳುವುದು ಇಷ್ಟೇ. ಕ್ಯಾಮೆರಾ ನಿಂತಾಗ ಮೊದಲು ಅನುಮಾನಿಸಬೇಕಾದದ್ದು ಅದಕ್ಕೆ ಬರುವ ಕರೆಂಟನ್ನು. ಆ ಪರೀಕ್ಷೆ ಮಾಡಲು ದನ ನೋಡಿಕೊಳ್ಳುವ ನಿಮಗೇ ಬರಬೇಕು. ಮಗ ಊರಿಂದ ಬರಲಿ, ಅಂಗಡಿಯವನು ಬರಲಿ ಎಂದು ನೀವು ಕಾಯಬಹುದು, ಈಯುವ ಹಸು ಕಾಯುವುದಿಲ್ಲ.

ಪಶುವೈದ್ಯರಿಗೇಕೆ ಕ್ಯಾಮೆರಾ ಉಸಾಬರಿ ಎನ್ನಬೇಡಿ. ನೀರಿನ ಚೀಲ ಒಡೆದು ಒಂದೆರಡು ಗಂಟೆಯಾದರೂ ಕರು ಬಾರದಿದ್ದರೆ ನಮ್ಮನ್ನು ಕರೆಯಿರಿ ಎಂದು ಹೇಳುತ್ತಲೇ ಇರುತ್ತೇವೆ. ಚೀಲ ಒಡೆದದ್ದು ಯಾವಾಗ ಎಂದು ತಿಳಿಯದಿದ್ದರೆ ಲೆಕ್ಕ ಹಿಡಿಯುವುದು ಹೇಗೆ? ಹಾಲು ಜ್ವರ ಬರುವುದೂ ಹೆಚ್ಚಾಗಿ ಕರು ಹಾಕಿದ ಮೊದಲ ಮೂರು ದಿನಗಳಲ್ಲೇ. ಹಸು ಕತ್ತು ಪಕ್ಕೆಗೆ ತಿರುಗಿಸಿ ಮಲಗಿದ್ದು ರಾತ್ರಿಯೇ ಕಂಡರೆ ಬೆಳಗಿನವರೆಗೆ ಕಾಯುವ ಪ್ರಮೇಯವಿಲ್ಲ.

ಪರೀಕ್ಷೆಗೆ ಹೆಚ್ಚಿನ ವಿದ್ಯೆ ಬೇಡ, ಕ್ರಮ ಬೇಕು.

ಮೊದಲು ಪ್ಲಗ್ ನೋಡಿ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ. ಚಾರ್ಜ್ ಆಗದಿದ್ದರೆ ದೋಷ ಪ್ಲಗ್ ಅಥವಾ ಲೈನಿನದು. ಹೊಲದ ಕೊಟ್ಟಿಗೆಗೆ ಪಂಪ್‌ಸೆಟ್ ಲೈನಿನಿಂದ ಕರೆಂಟ್ ಎಳೆದಿದ್ದರೆ, ಆ ಲೈನಿನಲ್ಲಿ ದಿನವಿಡೀ ಕರೆಂಟ್ ಇರುವುದಿಲ್ಲ ಎಂಬುದು ನೆನಪಿರಲಿ.

ಎರಡನೆಯದು ಅಡಾಪ್ಟರ್. ಕೊಟ್ಟಿಗೆಯ ಕ್ಯಾಮೆರಾಗಳು ಹೆಚ್ಚಾಗಿ 12 ವೋಲ್ಟಿನವು. ಹಗಲು ಚೆನ್ನಾಗಿದ್ದು, ಕತ್ತಲಾದೊಡನೆ ಚಿತ್ರ ಹೋಗಿ ಹೋಗಿ ಬರುತ್ತಿದ್ದರೆ ಅಡಾಪ್ಟರ್ ಸೋತಿರಬಹುದು. ರಾತ್ರಿ ನೋಡಲು ಕ್ಯಾಮೆರಾದೊಳಗಿನ ಸಣ್ಣ ದೀಪಗಳು ಉರಿಯುತ್ತವೆ, ಆಗ ಕರೆಂಟ್ ಹೆಚ್ಚು ಬೇಕು. ಬೇರೆ ಅಡಾಪ್ಟರ್ ಹಾಕುವಾಗ ಅದರ ಮೇಲೆ ಬರೆದ ವೋಲ್ಟ್ ಹಳೆಯದರಷ್ಟೇ ಇರಬೇಕು. ಆಂಪ್ಸ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ.

ಮೂರನೆಯದು ವೈರ್. ತೆಳು ವೈರನ್ನು ಬಹುದೂರ ಎಳೆದರೆ ಕ್ಯಾಮೆರಾ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಕ್ಯಾಮೆರಾವನ್ನು ಬಿಚ್ಚಿ ತಂದು ಅಡಾಪ್ಟರ್ ಪಕ್ಕದಲ್ಲೇ ಜೋಡಿಸಿ ನೋಡಿ. ಅಲ್ಲಿ ಸರಿಯಾಗಿ ನಡೆದರೆ ಕ್ಯಾಮೆರಾ ಚೆನ್ನಾಗಿದೆ, ಕೆಟ್ಟಿರುವುದು ವೈರ್ ಅಥವಾ ಜಾಯಿಂಟ್. ಗಂಜಲದ ಘಾಟು, ತೇವ ಎರಡೂ ಸೇರಿ ಪಿನ್ ಹಸಿರುಗಟ್ಟುತ್ತದೆ. ಇಲಿಯಂತೂ ವೈರ್ ಬಿಡುವುದಿಲ್ಲ.

ನಾಲ್ಕನೆಯದು ರೂಟರ್. ಕ್ಯಾಮೆರಾ ಇನ್ವರ್ಟರ್ ಮೇಲಿದ್ದು ವೈಫೈ ರೂಟರ್ ಇಲ್ಲದಿದ್ದರೆ, ಕರೆಂಟ್ ಹೋದೊಡನೆ ಫೋನಿನಲ್ಲಿ ಚಿತ್ರ ನಿಲ್ಲುತ್ತದೆ. ಕ್ಯಾಮೆರಾ ಸತ್ತಿತು ಎಂದುಕೊಳ್ಳುತ್ತೀರಿ. ಎರಡಕ್ಕೂ ಬ್ಯಾಕಪ್ ಬೇಕು. ಮೇವು ಕತ್ತರಿಸುವ ಯಂತ್ರ ಶುರುವಾದಾಗಲೆಲ್ಲ ಚಿತ್ರ ಹೋಗುತ್ತಿದ್ದರೆ ಲೈನಿನ ವೋಲ್ಟೇಜ್ ಇಳಿಯುತ್ತಿದೆ ಎಂದು ತಿಳಿಯಿರಿ, ಎಲೆಕ್ಟ್ರಿಷಿಯನ್‌ಗೆ ಹೇಳಿ.

ಒಂದು ಮಾತಿನಲ್ಲಿ ಮಾತ್ರ ರಾಜಿ ಬೇಡ. ಏನೇ ಮುಟ್ಟುವ ಮೊದಲು ಸ್ವಿಚ್ ಆರಿಸಿ, ಕೈ ಒರೆಸಿಕೊಳ್ಳಿ, ಕಾಲಿಗೆ ಚಪ್ಪಲಿ ಇರಲಿ. ಅಡಾಪ್ಟರ್ ಮನೆಯೊಳಗಿದ್ದು 12 ವೋಲ್ಟಿನ ದಪ್ಪ ತಾಮ್ರದ ವೈರ್ ಮಾತ್ರ ಕೊಟ್ಟಿಗೆಗೆ ಹೋದರೆ ಅತ್ಯುತ್ತಮ. ಅಷ್ಟು ದೂರ ಆಗದಿದ್ದರೆ ಹಸುವಿನ ಬಾಯಿಗೆ, ನೀರಿಗೆ ಸಿಗದ ಎತ್ತರದಲ್ಲಿ ಮುಚ್ಚಿದ ಬಾಕ್ಸಿನಲ್ಲಿಡಿಸಿ. ಮನೆ ಕರೆಂಟಿನ 230 ವೋಲ್ಟ್ ವೈರನ್ನು ಕಬ್ಬಿಣದ ಕಂಬಕ್ಕೆ, ತಗಡಿಗೆ ಸುತ್ತಿ ಎಳೆಯಲು ಬಿಡಬೇಡಿ. ಹಸು ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಲ್ಲುತ್ತದೆ. ನಮಗೆ ಗೊತ್ತೂ ಆಗದಷ್ಟು ಸಣ್ಣ ಶಾಕ್ ಅದಕ್ಕೆ ತಾಗುತ್ತದೆ. ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂಜರಿದರೆ, ಕರೆಯುವಾಗ ಸುಮ್ಮಸುಮ್ಮನೆ ಬೆಚ್ಚಿದರೆ, ಸೊರೆ ಬಿಡದಿದ್ದರೆ ನಮಗೂ ಹೇಳಿ, ಎಲೆಕ್ಟ್ರಿಷಿಯನ್‌ನನ್ನೂ ಕರೆಸಿ. ಕೊಟ್ಟಿಗೆ ಲೈನಿಗೆ ಅರ್ಥಿಂಗ್ ಮತ್ತು ಶಾಕ್ ತಡೆಯುವ ಬ್ರೇಕರ್ ಹಾಕಿಸುವ ಖರ್ಚು ಒಂದು ಹಸುವಿನ ಬೆಲೆಯ ಮುಂದೆ ಏನೂ ಅಲ್ಲ.

ಅನೇಕ ಮನೆಗಳಲ್ಲಿ ಹಾಲು ಕರೆಯುವ ಕೈ ನಿಮ್ಮದು, ಕ್ಯಾಮೆರಾ ನೋಡುವ ಫೋನ್ ಮಾತ್ರ ಗಂಡಸರ ಜೇಬಿನಲ್ಲಿ. ಅದು ಬದಲಾಗಬೇಕು. ಕ್ಯಾಮೆರಾ ಹಾಕುವವನಿಗೆ ಪೂರ್ತಿ ಹಣ ಕೊಡುವ ಮೊದಲು ಅಡಾಪ್ಟರ್ ಎಲ್ಲಿದೆ, ವೈರ್ ಯಾವ ದಾರಿಯಲ್ಲಿ ಹೋಗಿದೆ ಎಂದು ನಿಮಗೇ ತೋರಿಸಲಿ, ನಿಮ್ಮ ಫೋನಿಗೂ ಚಿತ್ರ ಬರುವಂತೆ ಮಾಡಿಕೊಡಲಿ. ನಮ್ಮ ಸಂಘಗಳ ತರಬೇತಿಯಲ್ಲಿ ಕೆಚ್ಚಲು ಬಾವಿನ ಪಾಠದ ಜೊತೆಗೆ ಕೊಟ್ಟಿಗೆ ಕರೆಂಟಿನ ಪಾಠಕ್ಕೂ ಒಂದು ಗಂಟೆ ಇಡಬೇಕೆಂಬುದು ನನ್ನ ಒತ್ತಾಯ.

ಕೃತಕ ಗರ್ಭಧಾರಣೆಯ ತಾರೀಖು ನಿಮ್ಮ ಕಾರ್ಡಿನಲ್ಲಿದೆ. ಹಸು ಸುಮಾರು 280 ದಿನಕ್ಕೆ ಈಯುತ್ತದೆ. 260ನೇ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂದು ಕತ್ತಲಾದ ಮೇಲೆ ಮೇನ್ ಸ್ವಿಚ್ ಆರಿಸಿ, ನಿಮ್ಮ ಫೋನಿನಲ್ಲಿ ಹಸು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಸರಿಪಡಿಸಲು ಇನ್ನೂ ದಿನಗಳಿರುತ್ತವೆ.