ಹಗೇವು ತುಂಬಿದ ಮೇಲೆ

2022ರ ಸೆಪ್ಟೆಂಬರಿನಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಮಾರಿಕಣಿವೆಯತ್ತ ಜನ ಜಾತ್ರೆಗೆ ಹೊರಟಂತೆ ಹೊರಟರು. 1933ರ ನಂತರ, ಅಂದರೆ 89 ವರ್ಷಗಳ ತರುವಾಯ ಜಲಾಶಯ ತುಂಬಿ ಹರಿದಿದೆ ಎಂದು ಪತ್ರಿಕೆಗಳು ಬರೆದವು. ಆ 89 ಎಂಬ ಅಂಕಿ ಎಲ್ಲಿಂದ ಬಂತೆಂದು ಯೋಚಿಸಿದವರು ವಿರಳ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟೆಯ ನೀರಿನ ಮಟ್ಟವನ್ನು ಅಡಿಗಳ ಲೆಕ್ಕದಲ್ಲಿ ಬರೆದಿಡುವ ಪರಿಪಾಠವಿದ್ದುದರಿಂದ ಅದು ಉಳಿದು ಬಂತು. ಕಾಗದ ಮತ್ತು ಮಸಿ ಅಷ್ಟು ಕಾಲ ಬಾಳಿದವು. ಇಂದು ಇಂಥ ದಾಖಲೆಗಳನ್ನು ಹೊರುತ್ತಿರುವ ಹಾರ್ಡ್ ಡಿಸ್ಕ್‌ಗೆ ತಯಾರಕರೇ ಕೊಡುವ ಖಾತರಿ ಎರಡರಿಂದ ಐದು ವರ್ಷ ಮಾತ್ರ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾಲೇಜು, ಸಹಕಾರ ಸಂಘ, ಸಂಶೋಧನಾ ಕೇಂದ್ರ, ಪರಿಸರ ಸಂಘಟನೆಗಳಲ್ಲಿ ಈಗ ಕೇಳಿಬರುವ ದೂರು ಒಂದೇ: ಕಂಪ್ಯೂಟರಿನಲ್ಲಿ ಜಾಗ ಸಾಲದು. ಕೆರೆಗಳ ಡ್ರೋನ್ ಚಿತ್ರ, ಗಣಿ ಪ್ರದೇಶದ ಉಪಗ್ರಹ ನಕ್ಷೆ, ಮಣ್ಣು ಪರೀಕ್ಷೆಯ ವರದಿ, ಸ್ಕ್ಯಾನ್ ಮಾಡಿದ ಪಹಣಿ, ಹಿರಿಯರ ಹಾಡುಗಳ ಧ್ವನಿಮುದ್ರಣ ಎಲ್ಲವೂ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತಿವೆ. ಪರಿಹಾರವೂ ಒಂದೇ ಬಗೆಯದು: ಮೂರು ಕೊಟೇಷನ್ ತರಿಸುವುದು, ಕಡಿಮೆ ಬೆಲೆಯದನ್ನು ಕೊಳ್ಳುವುದು. ಅಗ್ಗದ ಡಿಸ್ಕ್ ಬೇರೆ, ಅಗ್ಗದ ಸಂಗ್ರಹ ಬೇರೆ ಎಂಬ ವಿವೇಕ ಈ ಖರೀದಿಗಳಲ್ಲಿ ಕಾಣುವುದಿಲ್ಲ.

ಮೊದಲ ಪ್ರಶ್ನೆ, ನಿಜಕ್ಕೂ ಜಾಗ ಬೇಕೇ ಎಂಬುದು. ಹೂಳೆತ್ತದೆ ಕೆರೆಯ ಏರಿಯನ್ನಷ್ಟೇ ಎತ್ತರಿಸಿದರೆ ಏನಾಗುತ್ತದೆಂದು ಈ ಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಒಂದು ಮಾಪಕದಿಂದ ವರ್ಷಕ್ಕೆ 35,040 ಅಂಕಿಗಳು. ಅವನ್ನೆಲ್ಲ ಸಾಲಾಗಿ ಬರೆದಿಟ್ಟರೂ ಸುಮಾರು ಒಂದು ಮೆಗಾಬೈಟ್. ಇನ್ನೂರು ಮಾಪಕಗಳ ನೂರು ವರ್ಷದ ಮಳೆ 20 ಗಿಗಾಬೈಟಿನಲ್ಲಿ, ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿನಲ್ಲಿ, ಅಡಗುತ್ತದೆ. ಪೆಟ್ಟಿಗೆಯನ್ನು ತುಂಬಿಸುವುದು ಮಳೆಯ ಲೆಕ್ಕವಲ್ಲ. ಒಂದೇ ಸಮಾರಂಭದ ವಿಡಿಯೊದ ನಾಲ್ಕು ಪ್ರತಿ, ಒಂದೇ ಕೆರೆಯ ಮೇಲೆ ಹಾರಿದ ಡ್ರೋನಿನ ಮಸುಕಾದ ಚಿತ್ರಗಳು, ಹೆಸರಿನ ಕೊನೆಗೆ ‘ಹೊಸದು’, ‘ಹೊಸದು 2’ ಎಂದು ಬೆಳೆಯುತ್ತ ಹೋಗುವ ಕಡತಗಳು ಅದನ್ನು ತುಂಬಿಸುತ್ತವೆ. ಕಣದಲ್ಲಿ ತೂರದೆ ಹೊಟ್ಟನ್ನೂ ಸೇರಿಸಿ ಕಣಜಕ್ಕೆ ಸುರಿಯುವವರಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ವಿದ್ಯಾವಂತರು ಅದನ್ನೇ ಮಾಡುತ್ತಿದ್ದಾರೆ.

ತೂರಿದ ಮೇಲೂ ಉಳಿಯುವ ಕಾಳಿಗೆ ಜಾಗ ಬೇಕೇ ಬೇಕು. ಇಲ್ಲಿ ಬಯಲುಸೀಮೆಯ ಹಳೆಯ ಮನೆಗಳ ವ್ಯವಸ್ಥೆಯನ್ನು ನೆನೆಯಬಹುದು. ದಿನದ ರಾಗಿ ಅಡುಗೆಮನೆಯ ಮಡಕೆಯಲ್ಲಿ, ವರ್ಷದ ರಾಗಿ ನೆಲದೊಳಗಿನ ಹಗೇವಿನಲ್ಲಿ. ಹಗೇವನ್ನು ದಿನವೂ ತೆರೆಯುತ್ತಿರಲಿಲ್ಲ. ಮಡಕೆಯಲ್ಲಿ ವರ್ಷದ ಕಾಳನ್ನು ತುಂಬಲು ಯಾರೂ ಹೋಗುತ್ತಿರಲಿಲ್ಲ. ಕಂಪ್ಯೂಟರ್ ಸಂಗ್ರಹದಲ್ಲಿ ಎಸ್‌ಎಸ್‌ಡಿ ಎಂಬುದು ಈ ಮಡಕೆ. ಅದರಲ್ಲಿ ತಿರುಗುವ ಭಾಗವಿಲ್ಲ, ಕೆಲಸ ಬಹು ಚುರುಕು, ಆದರೆ ಒಂದು ಟೆರಾಬೈಟಿನ ಬೆಲೆ ಹಾರ್ಡ್ ಡಿಸ್ಕ್‌ಗಿಂತ ಹಲವು ಪಟ್ಟು. ಮೇಲಾಗಿ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದರಲ್ಲಿ ಬರೆದದ್ದು ಉಳಿದೀತೆಂಬ ಭರವಸೆ ಇಲ್ಲ. ಹತ್ತು ವರ್ಷದ ಹಿಂದಿನ ಕೆರೆಯ ಚಿತ್ರವನ್ನು ವರ್ಷಕ್ಕೊಮ್ಮೆ ತೆರೆಯುವ ಸಂಸ್ಥೆಗೆ ಅದರಿಂದ ಪ್ರಯೋಜನವಿಲ್ಲ. ಇನ್ನು ಬ್ಯಾಂಕು, ಆಸ್ಪತ್ರೆಗಳು ನಂಬುವ ಕಾಂತಪಟ್ಟಿ ಮೂವತ್ತು ವರ್ಷ ಬಾಳುವುದೆಂದು ತಯಾರಕರು ಹೇಳುತ್ತಾರೆ. ಸುರುಳಿ ಅಗ್ಗವೇ. ಆದರೆ ಅದನ್ನು ಓದಿ ಬರೆಯುವ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. ತಾಲ್ಲೂಕು ಮಟ್ಟದ ಸಂಸ್ಥೆಗೆ ಒಗ್ಗುವ ಹಗೇವು ಇಂದಿಗೂ ತಿರುಗುವ ಹಾರ್ಡ್ ಡಿಸ್ಕೇ.

ಯಾವ ಅಳತೆಯ ಡಿಸ್ಕ್ ಕೊಳ್ಳಬೇಕೆಂಬಲ್ಲಿ ಲೆಕ್ಕ ತಪ್ಪುತ್ತದೆ. ಒಂದು ಸಂಸ್ಥೆಗೆ 16 ಟೆರಾಬೈಟ್ ಬೇಕು, ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಜೋಡಿಯಾಗಿ ಬೇಕು ಎಂದಿಟ್ಟುಕೊಂಡರೆ, 4 ಟೆರಾಬೈಟಿನ ಎಂಟು ಡಿಸ್ಕ್ ಕೊಳ್ಳಬಹುದು, ಇಲ್ಲವೆ 16 ಟೆರಾಬೈಟಿನ ಎರಡನ್ನು ಕೊಳ್ಳಬಹುದು. ಚಿಕ್ಕ ಡಿಸ್ಕ್‌ನ ಬಿಡಿ ಬೆಲೆ ಕಣ್ಣಿಗೆ ಹಿತ. ಹಗಲಿರುಳು ತಿರುಗುವ ಡಿಸ್ಕ್ ಒಂದಕ್ಕೆ 6 ವ್ಯಾಟ್ ಎಂದು ಹಿಡಿದರೆ ಎಂಟಕ್ಕೆ ವರ್ಷಕ್ಕೆ 420 ಯೂನಿಟ್, ಎರಡಕ್ಕೆ 105. ಐದು ವರ್ಷದಲ್ಲಿ ಈ ವ್ಯತ್ಯಾಸ 1,575 ಯೂನಿಟ್. ಯೂನಿಟ್‌ಗೆ ಎಂಟು ರೂಪಾಯಿ ಎಂದರೂ 12,600 ರೂಪಾಯಿ. ಎಂಟು ಡಿಸ್ಕ್ ಹಿಡಿಸುವ ಪೆಟ್ಟಿಗೆಗೂ ಎರಡು ಹಿಡಿಸುವ ಪೆಟ್ಟಿಗೆಗೂ ಇರುವ ಬೆಲೆಯ ಅಂತರ ಬೇರೆ. ದೊಡ್ಡ ದತ್ತಾಂಶ ಕೇಂದ್ರಗಳ ಅನುಭವದಲ್ಲಿ ವರ್ಷಕ್ಕೆ ನೂರರಲ್ಲಿ ಒಂದೂವರೆಯಷ್ಟು ಡಿಸ್ಕ್‌ಗಳು ಕೆಡುತ್ತವೆ. ತಣ್ಣನೆಯ ಕೋಣೆಯ ಆ ಅಂಕಿ ಹಿರಿಯೂರಿನ ಏಪ್ರಿಲ್ ತಿಂಗಳಿಗೂ ಗಣಿ ಲಾರಿಗಳ ಕೆಂಧೂಳಿಗೂ ಅನ್ವಯಿಸಲಾರದು. ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಕೆಡುವ ಸಂದರ್ಭವೂ ಹೆಚ್ಚು. ಹಾಗೆಂದು ಅಂಗಡಿಯಲ್ಲಿರುವ ಅತಿ ದೊಡ್ಡದಕ್ಕೆ ಕೈಚಾಚುವುದೂ ಜಾಣತನವಲ್ಲ. ಹೊಸದಾಗಿ ಬಂದ ಬೃಹತ್ ಅಳತೆಗೆ ಹೊಸತನದ ಬೆಲೆಯೂ ಸೇರಿರುತ್ತದೆ. ಟೆರಾಬೈಟ್ ಲೆಕ್ಕದಲ್ಲಿ ಅಗ್ಗವಾಗುವುದು ಸಾಮಾನ್ಯವಾಗಿ ನಡುವಿನವು.

ಇನ್ನೊಂದು ಸೂಕ್ಷ್ಮವನ್ನು ವ್ಯಾಪಾರಿಗಳು ತಾವಾಗಿ ಹೇಳುವುದು ಕಡಿಮೆ. ಕೆಲವು ಡಿಸ್ಕ್‌ಗಳಲ್ಲಿ ಬರವಣಿಗೆಯ ಪಟ್ಟೆಗಳನ್ನು ಮನೆಯ ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಬರುವಂತೆ ಹೊದಿಸಲಾಗಿರುತ್ತದೆ. ನಡುವಿನ ಹೆಂಚನ್ನು ಬದಲಿಸಲು ಪಕ್ಕದ ಹೆಂಚುಗಳನ್ನೂ ಎತ್ತಬೇಕಾದಂತೆ ಇಲ್ಲಿ ಒಂದು ಸಾಲು ತಿದ್ದಲು ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಒಮ್ಮೆ ತುಂಬಿ ಬೀರುವಿನಲ್ಲಿಡಲು ಇದು ಸಾಕು. ಜೋಡಿ ಡಿಸ್ಕ್‌ಗಳ ಪೆಟ್ಟಿಗೆಗೆ ಇದು ತೊಡಕು. ಆ ಬಗೆಯವನ್ನು ವಿಷಯ ತಿಳಿಸದೆಯೇ ಜೋಡಿ ಪೆಟ್ಟಿಗೆಗಳಿಗೆಂದು ಮಾರಲಾಗಿತ್ತೆಂಬುದು 2020ರಲ್ಲಿ ಬಯಲಾಯಿತು. ಯಾವ ಬಗೆಯದೆಂದು ಬರವಣಿಗೆಯಲ್ಲಿ ಕೇಳಿ ಪಡೆಯುವ ಹಕ್ಕು ಕೊಳ್ಳುವವರಿಗಿದೆ. 16 ಟೆರಾಬೈಟಿನ ಡಿಸ್ಕ್ ಕೆಟ್ಟು ಹೊಸದಕ್ಕೆ ನಕಲು ಮಾಡಬೇಕಾದಾಗ, ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ಒಳ್ಳೆಯ ಡಿಸ್ಕ್‌ಗೂ 22 ಗಂಟೆ ಬೇಕು. ಆ ಅವಧಿಯಲ್ಲಿ ಎಷ್ಟು ಬಾರಿ ಕರೆಂಟ್ ಹೋದೀತೆಂಬುದು ಓದುಗರ ಊಹೆಗೆ ಬಿಟ್ಟದ್ದು.

ಜೋಡಿ ಡಿಸ್ಕ್ ಇದೆಯೆಂದು ನೆಮ್ಮದಿಯಿಂದಿರುವವರು ಒಂದನ್ನು ಮರೆಯುತ್ತಾರೆ. ಒಂದರಲ್ಲಿ ಅಳಿಸಿದ್ದು ಮರುಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಸಿಡಿಲು ಹೊಡೆದರೆ ಎರಡಕ್ಕೂ ಹೊಡೆಯುತ್ತದೆ. ಆದುದರಿಂದ ಮೂರನೆಯ ಪ್ರತಿ ಬೇರೆ ಊರಿನಲ್ಲಿರಬೇಕು. ಹೊಸದುರ್ಗದ ಸಂಸ್ಥೆಯ ದಾಖಲೆ ಹಿರಿಯೂರಿನಲ್ಲಿ, ಹಿರಿಯೂರಿನದು ಹೊಳಲ್ಕೆರೆಯಲ್ಲಿ, ಬೀಗ ಹಾಕಿದ ಬೀರುವಿನೊಳಗೆ, ವಿದ್ಯುತ್ ಸಂಪರ್ಕವಿಲ್ಲದೆ. ಆರು ತಿಂಗಳಿಗೊಮ್ಮೆ ತೆಗೆದು ಪರೀಕ್ಷಿಸಿ, ಹೊಸದನ್ನು ಸೇರಿಸಿ ಮತ್ತೆ ಬೀಗ. ಬಸ್ ಚಾರ್ಜಿನ ಹೊರತು ಇದಕ್ಕೆ ಬೇರೆ ಖರ್ಚಿಲ್ಲ. ಮೂರು ಡಿಸ್ಕ್‌ಗೆ ಹಣವಿಲ್ಲದ ಸಂಘಟನೆ ಬಿಡಬೇಕಾದ್ದು ಪೆಟ್ಟಿಗೆಯೊಳಗಿನ ಜೋಡಿಯನ್ನು, ಪರವೂರಿನ ಪ್ರತಿಯನ್ನಲ್ಲ. ವಾಡಿಕೆಯಲ್ಲಿ ಇದು ತಿರುಗುಮುರುಗಾಗಿದೆ.

ಇಷ್ಟೊಂದು ಕಾಳಜಿ ಏತಕ್ಕೆಂದು ಕೇಳುವ ಯುವಕರು 2011ನ್ನು ಓದಬೇಕು. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್‌ನಲ್ಲಿ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಯಾವ ಗಣಿ ಗಡಿ ಮೀರಿ ಎಷ್ಟು ಒತ್ತರಿಸಿದೆ ಎಂಬುದು ತೀರ್ಮಾನವಾದದ್ದು ಭಾಷಣದಿಂದಲ್ಲ, ಅಳತೆ, ನಕ್ಷೆ ಮತ್ತು ಉಪಗ್ರಹ ಚಿತ್ರಗಳಿಂದ. ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳ ಅಂಚಿನಲ್ಲಿ ಇಂದು ತೆಗೆದ ದಿನಾಂಕಸಹಿತ ಚಿತ್ರ ಮುಂದೊಂದು ದಿನ ಸಾಕ್ಷಿಯಾಗಬೇಕಾದರೆ ಅದು ಅಲ್ಲಿಯವರೆಗೆ ಉಳಿದಿರಬೇಕು.

ಬಳಸಿದ ಡಿಸ್ಕ್‌ಗಳ ಕುರಿತು ಒಂದು ಮಾತು. ಮರುಬಳಕೆ ಪರಿಸರಕ್ಕೆ ಹಿತವೆಂಬುದು ನಿಜ. ಒಂದೊಂದು ಡಿಸ್ಕ್‌ನೊಳಗೂ ಅಲ್ಯೂಮಿನಿಯಂ, ತಾಮ್ರ, ನಿಯೋಡೈಮಿಯಂ ಅಯಸ್ಕಾಂತಗಳಿವೆ. ಅವೆಲ್ಲ ಎಲ್ಲೋ ಒಂದು ಗುಡ್ಡವನ್ನು ಅಗೆದೇ ಬಂದವು. ಇಂಗಳದಾಳಿನ ತಾಮ್ರದ ಗಣಿಯನ್ನು ಕಂಡ ಚಿತ್ರದುರ್ಗದವರಿಗೆ ಇದು ಪರಕೀಯ ಸಂಗತಿಯಲ್ಲ. ಆದರೆ 2025ರ ಆರಂಭದಲ್ಲಿ, ಸಾವಿರಾರು ಗಂಟೆ ದುಡಿದ ಡಿಸ್ಕ್‌ಗಳು ಗಂಟೆಯ ಲೆಕ್ಕವನ್ನು ಸೊನ್ನೆ ಮಾಡಿಸಿಕೊಂಡು ಹೊಸದೆಂಬ ಹೆಸರಿನಲ್ಲಿ ಯುರೋಪಿನ ಅಂಗಡಿಗಳಲ್ಲೇ ಮಾರಾಟವಾಗಿದ್ದು ಪತ್ತೆಯಾಯಿತು. ಬಳಸಿದ್ದೆಂದು ಹೇಳಿ, ಖಾತರಿ ಕೊಟ್ಟು ಮಾರುವುದನ್ನು ಪರವೂರಿನ ಪ್ರತಿಗೆ ಬಳಸಬಹುದು. ಏಕೈಕ ಪ್ರತಿಗೆ ಸಲ್ಲದು. ಸತ್ತ ಡಿಸ್ಕ್‌ಗಳನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ತಲುಪಿಸಬೇಕು.

ಬೆಲೆಯೂ ಹವಾಮಾನದಿಂದ ಹೊರತಲ್ಲ. 2011ರಲ್ಲಿ ಥಾಯ್ಲೆಂಡ್ ಪ್ರವಾಹದಲ್ಲಿ ಮುಳುಗಿದಾಗ ಅಲ್ಲಿನ ಕಾರ್ಖಾನೆಗಳು ನಿಂತು ಜಗತ್ತಿನಾದ್ಯಂತ ಹಾರ್ಡ್ ಡಿಸ್ಕ್ ಬೆಲೆ ಏರಿತು. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆ ಮತ್ತೊಮ್ಮೆ ಬೆಲೆಯನ್ನು ಏರಿಸಿತು. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ, ಹಣ ವಾಪಸಾದೀತೆಂಬ ಭಯದಿಂದ, ಕಚೇರಿ ಕಾಲೇಜುಗಳು ಧಾವಂತದಲ್ಲಿ ಕೊಳ್ಳುವ ಕಾಲಕ್ಕೆ ಅಂಗಡಿಯವನು ಹೇಳಿದ್ದೇ ಬೆಲೆ. ಬೇಡಿಕೆಪಟ್ಟಿಯನ್ನು ದೀಪಾವಳಿಯ ಹೊತ್ತಿಗೇ ಬರೆದು, ಅದರಲ್ಲಿ ‘ಹಾರ್ಡ್ ಡಿಸ್ಕ್, ಒಂದು’ ಎಂಬುದರ ಬದಲು ಅಳತೆ, ಬಗೆ, ಐದು ವರ್ಷದ ಖಾತರಿ, ವಿದ್ಯುತ್ ಬಳಕೆ ಮತ್ತು ಪರವೂರಿನ ಪ್ರತಿ ಎಂಬ ಐದು ಸಾಲು ಸೇರಿಸಲು ಅರ್ಧ ಹಾಳೆ ಸಾಕು.