ಪಿನ್ನು ಚುಚ್ಚುವ ಮೊದಲು ಕೆಲಸ ಕೊಡಿ

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ಪೇಟೆಯ ಸೇವಾ ಕ್ಲಬ್ಬುಗಳಿಗೆ ಹಳ್ಳಿಯ ಕೃಷಿಕರ ನೆನಪಾಗುತ್ತದೆ. ರೋಟರಿಗೂ ಲಯನ್ಸಿಗೂ ಜುಲೈ ಒಂದು ಹೊಸ ವರ್ಷ. ಹೊಸ ಅಧ್ಯಕ್ಷರು ಬರುವ ಹೊತ್ತಿಗೆ ಒಂದಷ್ಟು ಹೊಸ ಹೆಸರು ಬೇಕು. ಫೋನು ಬರುತ್ತದೆ. 'ಅಣ್ಣ, ನಿಮ್ಮಂಥವರು ನಮ್ಮೊಟ್ಟಿಗೆ ಇರಬೇಕು. ಕೆಲಸ ಅಂತ ಹೆಚ್ಚೇನೂ ಇಲ್ಲ, ಹೆಸರೊಂದು ಇದ್ದರೆ ಸಾಕು.'

ನನ್ನ ತಕರಾರು ಇರುವುದೇ ಈ ಕೊನೆಯ ಮಾತಿಗೆ. ಕೆಲಸವೇ ಇಲ್ಲದ ಸೇವಾಸಂಸ್ಥೆಗೆ ಯಾಕೆ ಸೇರಬೇಕು ಮಾರಾಯರೇ?

ನಾನೂ ಇಂಥದೊಂದು ಕ್ಲಬ್ಬಿನ ಸದಸ್ಯ. ಯಾವುದು ಎಂದು ಬೇಡ. ಅಡಿಕೆ ತೋಟ, ಎರಡು ದನ, ಇದರ ನಡುವೆ ಬಿಡುವು ಮಾಡಿಕೊಂಡು ಇಷ್ಟು ವರ್ಷ ಹೋಗಿ ಬಂದಿದ್ದೇನೆ. ಕಣ್ಣಿನ ಶಿಬಿರ, ಶಾಲೆಗೆ ಬೆಂಚು, ರಕ್ತದಾನ ಎಲ್ಲ ನಡೆದಿದೆ. ದ್ವೇಷದಿಂದ ಬರೆಯುತ್ತಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಸೇರಿದವರಲ್ಲಿ ಹೆಚ್ಚಿನವರು ಎರಡನೇ ಜುಲೈ ಕಾಣಲಿಲ್ಲ. ಹೋದವರು ಜಗಳ ಮಾಡಿ ಹೋದದ್ದಲ್ಲ. ಸುಮ್ಮನೆ ಬರುವುದನ್ನು ಬಿಟ್ಟರು. 'ಅವರಿಗೆ ಆಸಕ್ತಿ ಇಲ್ಲ' ಎಂದು ನಾವು ಷರಾ ಬರೆದೆವು.

ಆಸಕ್ತಿ ಇಲ್ಲದೆ ಹೋದದ್ದು ಹೇಗೆ ಎಂದು ನೋಡಿ. ಪದಪ್ರದಾನ ಸಮಾರಂಭ ಜುಲೈಯಲ್ಲಿ, ಸಂಜೆ ಏಳೂವರೆಗೆ. ನಮ್ಮ ಕಡೆ ಆಗ ಆಟಿಯ ಮಳೆ. ಬೋರ್ಡೋ ಎರಡನೇ ಸಿಂಪರಣೆಯ ಹೊತ್ತು. ಮಳೆ ಎರಡು ದಿನ ಬಿಟ್ಟರೆ ಮರ ಹತ್ತುವವ ಸಿಗುವುದಿಲ್ಲ, ಮರ ಹತ್ತುವವ ಸಿಕ್ಕಿದರೆ ಮಳೆ ಬಿಡುವುದಿಲ್ಲ. ಕೊಳೆರೋಗ ಕ್ಲಬ್ಬಿನ ಕ್ಯಾಲೆಂಡರ್ ನೋಡಿ ಬರುತ್ತದೆಯೇ? ಆದರೂ ಹೊಸಬ ಕೈಯ ಸುಣ್ಣ, ಮೈಲುತುತ್ತು ತೊಳೆದುಕೊಂಡು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರುತ್ತಾನೆ. ಪಿನ್ನು ಚುಚ್ಚುತ್ತಾರೆ, ಫೋಟೋ ತೆಗೆಯುತ್ತಾರೆ, ಚಪ್ಪಾಳೆ, ಊಟ. ಊಟ ಮುಗಿಯುವಾಗ ಕಡೆಯ ಬಸ್ಸು ಹೋಗಿರುತ್ತದೆ.

ಮುಂದಿನ ಸಭೆಗೆ ಬಂದರೆ ಅವನನ್ನು ಕರೆತಂದವರೇ ಇಲ್ಲ. ಹಿಂದಿನ ಸಾಲಿನಲ್ಲಿ ಕುಳಿತ. ಎದುರಿನವರು ಜಿಲ್ಲಾ ಸಮಾವೇಶ, ಗವರ್ನರ್ ಭೇಟಿ, ಯಾವ ಪ್ರಶಸ್ತಿಗೆ ಎಷ್ಟು ಅಂಕ ಎಂದೆಲ್ಲ ಅರ್ಧ ಇಂಗ್ಲಿಷಿನಲ್ಲಿ ಮಾತಾಡಿದರು. (ಇಡೀ ಸಭೆಯಲ್ಲಿ ತುಳು ಬಾರದವರು ಒಬ್ಬರೋ ಇಬ್ಬರೋ, ಕನ್ನಡ ಬಾರದವರು ಯಾರೂ ಇಲ್ಲ. ಆದರೂ ಘಂಟೆ ಬಾರಿಸಿದ ಕೂಡಲೇ ನಮಗೆ ಇಂಗ್ಲಿಷ್ ಬರುತ್ತದೆ.) ಮೂರನೇ ಸಭೆಯಲ್ಲಿ ಅವನ ಹತ್ತಿರ ಯಾರಾದರೂ ಬಂದು ಮಾತಾಡಿಸಿದರೆ ಅದು, 'ಈ ಸಲದ ಫೆಲೋಶಿಪ್ ಊಟ ನಿಮ್ಮ ಲೆಕ್ಕದಲ್ಲಿ ಆಗಬಹುದಾ?' ಎಂದು ಕೇಳಲಿಕ್ಕೆ. ನಾಲ್ಕನೇ ಸಭೆಗೆ ಅವನು ಯಾಕೆ ಬರಬೇಕು, ನೀವೇ ಹೇಳಿ.

ಈ ಕ್ಲಬ್ಬುಗಳು ಹುಟ್ಟಿದ ಬಗೆ ತಿಳಿದರೆ ಇದು ಇನ್ನೂ ವಿಚಿತ್ರ. 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೊದಲ್ಲಿ ಪೌಲ್ ಹ್ಯಾರಿಸ್ ಎಂಬ ವಕೀಲರು ಮೂವರ ಜತೆ ಕುಳಿತು ರೋಟರಿಯ ಮೊದಲ ಸಭೆ ಮಾಡಿದರು. ಆ ಮೂವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಇಂಜಿನಿಯರ್, ಒಬ್ಬರು ದರ್ಜಿ. ಹ್ಯಾರಿಸ್ ಬೆಳೆದದ್ದು ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ, ಅಜ್ಜ ಅಜ್ಜಿಯ ಮನೆಯಲ್ಲಿ. ದೊಡ್ಡ ಪೇಟೆಗೆ ಬಂದ ಮೇಲೆ ಗಿರಾಕಿಗಳು ಸಿಕ್ಕಿದರು, ಊರಿನಲ್ಲಿದ್ದಂಥ ಸ್ನೇಹ ಸಿಗಲಿಲ್ಲ. ಅದಕ್ಕಾಗಿ ಕೂಟ ಕಟ್ಟಿದರು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು. ಸೇವೆ ಆಮೇಲೆ ಬಂತು. 1907ರಲ್ಲಿ ಅವರು ಮೊದಲು ಕೈಹಾಕಿದ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ಪೇಟೆಯ ನಡುವೆ ಜನರಿಗೊಂದು ಶೌಚಾಲಯ ಆಗಬೇಕೆಂದು ಓಡಾಡಿದ್ದು.

ಅಂದರೆ ಪರವೂರಿನಲ್ಲಿ ಒಂಟಿಯಾದ ಒಬ್ಬ ಹಳ್ಳಿಯ ಹುಡುಗ ಕಟ್ಟಿದ ಕೂಟ ಇದು. ಅಂಥದ್ದರ ಹಾಗೆಯೇ ಹುಟ್ಟಿದ ನಮ್ಮ ಕ್ಲಬ್ಬುಗಳ ಹಿಂದಿನ ಸಾಲಿನಲ್ಲಿ ಇವತ್ತು ಹಳ್ಳಿಯಿಂದ ಬಂದವನು ಒಂಟಿಯಾಗಿ ಕುಳಿತಿದ್ದಾನೆ.

ನಾನು ಕ್ಲಬ್ಬಿಗೆ ಹತ್ತಿರವಾದದ್ದು ಪಿನ್ನಿನಿಂದಲ್ಲ, ಪಲ್ಸ್ ಪೋಲಿಯೋದಿಂದ. 1995ರಲ್ಲಿ ಅದು ದೇಶದಲ್ಲಿ ಶುರುವಾದ ಮೇಲೆ ಭಾನುವಾರಗಳಂದು ಬೂತಿಗೆ ಜನ ಬೇಕಿತ್ತು. ಪೇಟೆಯ ಎಲ್ಲ ಕ್ಲಬ್ಬಿನವರೂ ಅಲ್ಲಿದ್ದರು. ಲಸಿಕೆ ಹಾಕುವವರು ಆರೋಗ್ಯ ಇಲಾಖೆಯ ಸಿಸ್ಟರ್. ನನ್ನ ಕೆಲಸ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು. ಅಷ್ಟೇ. ಆದರೆ ಅದು ನನ್ನ ಕೆಲಸ. ನಾನು ಹೋಗದಿದ್ದರೆ ಬೇರೆ ಯಾರೋ ತಮ್ಮ ಕೆಲಸ ಬಿಟ್ಟು ಅದನ್ನು ಮಾಡಬೇಕು. ಆದ್ದರಿಂದ ಹೋಗುತ್ತಿದ್ದೆ. ಪಕ್ಕದಲ್ಲಿ ಹೆಸರು ಬರೆಯುತ್ತಿದ್ದವರು ಬ್ಯಾಂಕ್ ಮೆನೇಜರು. ಮಧ್ಯಾಹ್ನ ಒಂದೇ ಪೊಟ್ಟಣದ ಚಿತ್ರಾನ್ನ ಹಂಚಿಕೊಂಡ ಮೇಲೆ ಅವರ ಕೋಣೆಯ ಹೊರಗೆ ನಿಲ್ಲುವ ಹೆದರಿಕೆ ನನಗೆ ಹೋಯಿತು. 2011ರ ಜನವರಿ 13ರ ನಂತರ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಹೊಸ ಪ್ರಕರಣ ಕಾಣಲಿಲ್ಲ, 2014ರ ಮಾರ್ಚಿನಲ್ಲಿ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಅದರಲ್ಲಿ ನನ್ನ ಶಾಯಿಯ ಪಾಲು ಎಷ್ಟು ಎಂದು ಕೇಳಬೇಡಿ, ಸೊನ್ನೆಯಲ್ಲ ಎಂದು ಗೊತ್ತುಂಟು.

ಈಗ ನಮ್ಮಲ್ಲಿ ಎರಡು ಕೆಲಸ ಜನವಿಲ್ಲದೆ ಕುಂಟುತ್ತಿದೆ.

ಒಂದು ಕಿಂಡಿ ಅಣೆಕಟ್ಟಿನದ್ದು. ಸರಕಾರ ಕಟ್ಟಿಕೊಟ್ಟಿದೆ, ಹಲಗೆಯೂ ಉಂಟು. ಆದರೆ ಮಳೆ ನಿಂತು ತೋಡಿನ ನೀರು ಇಳಿಯುವಾಗ ಹಲಗೆ ಇಳಿಸಬೇಕು, ಎರಡು ಸಾಲು ಹಲಗೆಯ ನಡುವೆ ಮಣ್ಣು ಮೆಟ್ಟಬೇಕು. ಒಂದು ವಾರ ತಡವಾದರೆ ನೀರು ಸಮುದ್ರಕ್ಕೆ. ಮೇ ತಿಂಗಳಲ್ಲಿ ತೆಗೆಯಲು ಮರೆತರೆ ಮೊದಲ ನೆರೆಗೆ ಕಸ, ಮರದ ದಿಮ್ಮಿ ಸಿಕ್ಕಿ ಪಕ್ಕದ ಗದ್ದೆಯ ಬದುವೇ ಕೊಚ್ಚಿಹೋಗುತ್ತದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಮೊದಲು ನಾವೇ ಇಳಿಯುತ್ತಿದ್ದೆವು. ಈಗ ಕ್ಲಬ್ಬಿನಲ್ಲಿ ಮೊಣಕಾಲು ಸರಿ ಇರುವವರನ್ನು ಬೆರಳಲ್ಲಿ ಎಣಿಸಬಹುದು.

ಇನ್ನೊಂದು ರಕ್ತದಾನಿಗಳ ಪಟ್ಟಿ. 65 ದಾಟಿದವರು ಕೊಡುವಂತಿಲ್ಲ. ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಪಟ್ಟಿಯಲ್ಲಿ ಹೆಸರು ತುಂಬ ಉಂಟು. ಆದರೆ ರಾತ್ರಿ ಹನ್ನೊಂದಕ್ಕೆ ಹೆರಿಗೆ ಕೋಣೆಯಿಂದ ಫೋನು ಬಂದರೆ ಒಂದೊಂದೇ ಹೆಸರು ಹೊಡೆದುಹಾಕುತ್ತಾ ಹೋಗಬೇಕು. ಇವರಿಗೆ ವಯಸ್ಸಾಯಿತು, ಇವರಿಗೆ ಶುಗರಿಗೆ ಇನ್ಸುಲಿನ್, ಇವರು ಈಗ ಮಗನ ಮನೆಯಲ್ಲಿ ಬೆಂಗಳೂರು. ಹೊಸ ಸದಸ್ಯರು ಬೇಕಾದದ್ದು ಬ್ಯಾನರಿಗಲ್ಲ, ಈ ಫೋನಿಗೆ.

2020ರಲ್ಲಿ ಕೊರೋನಾ ಹೊತ್ತಿನಲ್ಲಿ ಬೆಂಗಳೂರು ಬಿಟ್ಟು ಬಂದು ಇಲ್ಲೇ ತೋಟ ಹಿಡಿದ ಹುಡುಗನೊಬ್ಬ ನಮ್ಮ ನೆರೆಯಲ್ಲಿದ್ದಾನೆ. ಅವನಿಗೆ ಯಾರೂ ಅರ್ಜಿ ಕೊಡಲಿಲ್ಲ. ಡಿಸೆಂಬರಿನಲ್ಲಿ ಹಲಗೆ ಹಾಕುವ ದಿನ, 'ತಮ್ಮಾ, ಒಂದು ಕೈ ಕಡಿಮೆ ಉಂಟು, ಬರ್ಲಿಕ್ಕೆ ಆಗ್ತದಾ?' ಎಂದು ಕೇಳಿದೆ. ಬಂದ. ಗಂಜಿ ಉಂಡ. ಹೋಗುವಾಗ, 'ಮೇಯಲ್ಲಿ ತೆಗೆಯುವ ದಿನ ಹೇಳಿ ಮಾವ, ಹಲಗೆಗೆ ನಂಬ್ರ ಹಾಕಿ ಇಡುವ, ಮುಂದಿನ ವರ್ಷ ಹುಡುಕುವುದು ಬೇಡ' ಎಂದ. ಇಷ್ಟು ವರ್ಷ ನಮಗ್ಯಾರಿಗೂ ಹೊಳೆಯದ ಉಪಾಯ. ಎರಡು ವರ್ಷದ ಮೇಲೆ ಅವನೇ ಕೇಳಿ ಸದಸ್ಯನಾದ. ಹಾಲಿನ ಸೊಸೈಟಿಯ ಲೆಕ್ಕ ಬರೆಯುವ ತಂಗಿಯೊಬ್ಬಳಿಗೆ ರಕ್ತದ ಪಟ್ಟಿ ಒಪ್ಪಿಸಿದ್ದೂ ಹೀಗೆಯೇ. ಯಾರು ಯಾವತ್ತು ಕೊಟ್ಟರು, ಇನ್ನು ಯಾವತ್ತು ಕೊಡಬಹುದು ಎಂದು ಪುಸ್ತಕ ಮಾಡಿದ್ದಾಳೆ. ಈಗ ರಾತ್ರಿಯ ಫೋನಿಗೆ ಮೂರನೇ ಹೆಸರಿನೊಳಗೆ ಜನ ಸಿಗುತ್ತಾರೆ. ಸಭೆ ಏಳೂವರೆಗೆ ಇದ್ದರೆ ಆಕೆ ಬರಲಾರಳು, ಅದು ಎರಡನೇ ಹಾಲು ಕರೆದು ಮನೆಯ ಅಡುಗೆಯ ಹೊತ್ತು. ಹೆಂಗಸರಿಗೆ ಲಯನ್ಸ್ ಬಾಗಿಲು ತೆರೆದದ್ದು 1987ರಲ್ಲಿ, ರೋಟರಿ 1989ರಲ್ಲಿ. ಬಾಗಿಲೇನೋ ತೆರೆಯಿತು, ಗಡಿಯಾರ ಮಾತ್ರ ಗಂಡಸರದ್ದೇ ಉಳಿಯಿತು.

ಸಮಯ ಬದಲಿಸಲು ನಿಯಮ ಅಡ್ಡ ಬರುತ್ತದೆ ಎನ್ನುವವರಿದ್ದಾರೆ. ವಾರವಾರದ ಸಭೆಗೆ ಹೆಸರಾದ ರೋಟರಿಯೇ 2016ರಲ್ಲಿ ಕ್ಲಬ್ಬುಗಳಿಗೆ ಸಡಿಲ ಕೊಟ್ಟು, ತಿಂಗಳಿಗೆ ಎರಡು ಸಲ ಸೇರಿದರೂ ಸಾಕು ಎಂದಿದೆ. ಭಾನುವಾರ ಮಧ್ಯಾಹ್ನ ಎರಡೂವರೆಗೆ ಸಭೆ ಇಟ್ಟರೆ ಯಾರು ಬೇಡ ಎನ್ನುತ್ತಾರೆ? ಹೊಸಬರನ್ನು ಜುಲೈಯಲ್ಲೇ ಸೇರಿಸಬೇಕೆಂದೂ ಇಲ್ಲ. ದೀಪಾವಳಿ ಕಳೆದ ಮೇಲೆ ಸೇರಿಸಿ, ಮಳೆಯಾದರೂ ಬಿಟ್ಟಿರುತ್ತದೆ. ವರ್ಷಕ್ಕೆ ಎಷ್ಟು ಹಣ, ಅದರಲ್ಲಿ ಮೇಲಕ್ಕೆ ಹೋಗುವುದೆಷ್ಟು, ಊರಿನಲ್ಲಿ ಉಳಿಯುವುದೆಷ್ಟು ಎಂದು ಮೊದಲೇ ಚೀಟಿಯಲ್ಲಿ ಬರೆದು ಕೊಡಿ. ಅಡಿಕೆ ಮಾರುವ ತಿಂಗಳಿಗೆ ಕಟ್ಟುತ್ತೇನೆ ಎಂದರೆ ಒಪ್ಪಿ. ಕರೆತಂದವರು ಮೂರು ತಿಂಗಳಾದರೂ ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಬಂದು, ಹಾಗೆಯೇ ಮನೆಗೆ ಬಿಡಲಿ. ನಮ್ಮ ಊರುಗಳಲ್ಲಿ ಜೇಸಿಯಲ್ಲಿ ಪಳಗಿ, 40 ತುಂಬಿದ್ದರಿಂದ ಹೊರಬಂದವರು ಎಷ್ಟೋ ಮಂದಿ ಇದ್ದಾರೆ. ಮೈಕಿನ ಎದುರು ನಿಲ್ಲಲು, ಕಾರ್ಯಕ್ರಮ ನಡೆಸಲು ಕಲಿತವರು. ಅವರ ಮನೆಗೆ ನಾವು ಹೋದದ್ದುಂಟೇ?

'ಹಲಗೆ ಹಾಕಲಿಕ್ಕೆ ಯುವಕ ಮಂಡಲ ಸಾಲದಾ, ಕ್ಲಬ್ ಯಾಕೆ?' ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಯುವಕ ಮಂಡಲದಲ್ಲಿ ಕೈಗಳಿವೆ. ಡಾಕ್ಟರು, ಇಂಜಿನಿಯರು, ವಕೀಲರು, ಅಂಗಡಿಯವರು ಒಂದೇ ಬೆಂಚಿನಲ್ಲಿ ಕೂರುವ ಜಾಗ ಪೇಟೆಯಲ್ಲಿ ಇದೊಂದೇ. ಕಿಂಡಿಯ ಕಾಂಕ್ರೀಟು ಬಿರುಕು ಬಿಟ್ಟಾಗ ಬಂದು ನೋಡಿ ಹೇಳುವ ಇಂಜಿನಿಯರು ನಮಗೆ ಸಿಕ್ಕಿದ್ದು ಅಲ್ಲೇ. ಕೃಷಿಕರು ಆ ಬೆಂಚು ಬಿಟ್ಟುಕೊಟ್ಟರೆ ನಷ್ಟ ಇಬ್ಬರಿಗೂ. ಹಾಗಾಗಿಯೇ ಬಿಡಲಿಕ್ಕೆ ನನಗೆ ಮನಸ್ಸಿಲ್ಲ. ಇನ್ನು ಸಂಖ್ಯೆಯ ಮಾತು. ಹೊಸ ಕ್ಲಬ್ ಕಟ್ಟಲು 20 ಜನ ಬೇಕೇ ಬೇಕು, ಸರಿ. ನಡೆಯುತ್ತಿರುವ ಕ್ಲಬ್ಬಿಗೆ ಪಟ್ಟಿಯಲ್ಲಿರುವ ನಲವತ್ತಕ್ಕಿಂತ ತೋಡಿಗೆ ಇಳಿಯುವ ಹನ್ನೆರಡು ಜನ ಮೇಲು ಎಂದು ನನ್ನ ಲೆಕ್ಕ. ಅಧ್ಯಕ್ಷರಿಗೆ ಇದು ರುಚಿಸಲಿಕ್ಕಿಲ್ಲ.

ಈ ಸಲ ಹಲಗೆ ಇಳಿಸುವುದು ನವೆಂಬರ್ ಕೊನೆಯ ಭಾನುವಾರ, ಮಳೆ ಹಿಂದೆ ಮುಂದೆ ಮಾಡದಿದ್ದರೆ. ಬೆಳಿಗ್ಗೆ ಏಳಕ್ಕೆ. ನಮ್ಮ ಆಸುಪಾಸಿನವರು ಯಾರೂ ಬರಬಹುದು. ಹಾರೆ, ಬುಟ್ಟಿ ಇದ್ದರೆ ತನ್ನಿ. ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ನಮ್ಮ ಮನೆಯದ್ದು. ಅರ್ಜಿ ಫಾರಂ ಹಿಡಿದುಕೊಂಡು ಯಾರೂ ಬರುವುದಿಲ್ಲ, ಅದನ್ನು ಕಾರ್ಯದರ್ಶಿಗಳಿಗೆ ಮೊದಲೇ ಹೇಳಿದ್ದೇನೆ.